ಪುಸ್ತಕದ ಬೀಗ ತೆಗೆಸಿದ ಮೇಷ್ಟ್ರು: ಎಸ್. ಆರ್. ರಂಗನಾಥನ್

ಸೆಪ್ಟೆಂಬರ್ 5 ಶಿಕ್ಷಕರ ದಿನ, ನವೆಂಬರ್ 14 ಮಕ್ಕಳ ದಿನ ಎಂಬುದು ನಮ್ಮ ಶಾಲೆಯಲ್ಲಿ ಓದಿದ ಎಲ್ಲರಿಗೂ ಬಾಯಿಪಾಠ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15 ಇಂಜಿನಿಯರುಗಳ ದಿನವೆಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದರು. ಆಗಸ್ಟ್ 12 ಯಾರ ದಿನ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತೇವೆ. ಅದು ರಾಷ್ಟ್ರೀಯ ಗ್ರಂಥಪಾಲಕರ ದಿನ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಕರೆಯುವ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜನ್ಮದಿನವನ್ನು ದೇಶ ಹೀಗೆ ಆಚರಿಸುತ್ತದೆ.

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆಯಿರಿ ಎಂದು ಸಂಪಾದಕ ಸಮಿತಿಯವರು ಹೇಳಿದಾಗ ನನಗೆ ಹೊಳೆದ ಹೆಸರು ಇವರದೇ. ಇದಕ್ಕೆ ಎರಡು ಕಾರಣಗಳಿವೆ. ಒಂದು, ನಾನು ಬೆಂಗಳೂರಿನಲ್ಲಿ ಮಾಡುವ ಸಾಫ್ಟ್‌ವೇರ್ ಕೆಲಸದ ಒಂದು ಭಾಗ ಇವರ ವಿಚಾರದ ಮೇಲೆ ನಿಂತಿದೆ. ಇನ್ನೊಂದು, ಇವರು ಕೇಳಿದ ಪ್ರಶ್ನೆಗಳು ನಮ್ಮ ಶಾಲೆಯ ಗ್ರಂಥಾಲಯದ ಬೀರುವಿನ ಮುಂದೆ ನಿಂತು ಕೇಳಿದಂತೆಯೇ ಇವೆ.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ. ಈಗ ಅದನ್ನು ಸೀರ್ಕಾಳಿ ಎನ್ನುತ್ತಾರೆ. ತಂದೆ ರಾಮಾಮೃತ ಅಯ್ಯರ್ ಜಮೀನುದಾರರು. ನಾಲ್ಕು ಜನರನ್ನು ಕೂರಿಸಿಕೊಂಡು ರಾಮಾಯಣ ಹೇಳುವ ಅಭ್ಯಾಸ ಅವರಿಗಿತ್ತು. ಮಗನಿಗೆ ಆರು ವರ್ಷವಾಗಿದ್ದಾಗ ಅವರು ತೀರಿಕೊಂಡರು. ಮುಂದೆ ಹುಡುಗನನ್ನು ನೋಡಿಕೊಂಡವರು ಶಾಲಾ ಮೇಷ್ಟ್ರಾಗಿದ್ದ ಅಜ್ಜ. ಹುಡುಗನಿಗೆ ಮಾತು ತೊದಲುತ್ತಿತ್ತು. ಅದನ್ನು ಅವರು ನಿಧಾನವಾಗಿ, ವರ್ಷಗಳ ಅಭ್ಯಾಸದಿಂದ ಗೆದ್ದರು. ಹೀಗೆ ತೊದಲುತ್ತಿದ್ದವರು ಮುಂದೆ ಪಾಠ ಹೇಳುವ ವೃತ್ತಿಯನ್ನೇ ಹಿಡಿದರು ಎಂಬುದನ್ನು ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಗಮನಿಸಬೇಕು.

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ 1913ರಲ್ಲಿ ಬಿ.ಎ., 1916ರಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತದ ಪ್ರಾಧ್ಯಾಪಕರು ಅವರನ್ನು ಮಗನಂತೆ ಕಂಡರು. ಅನಂತರ ಶಿಕ್ಷಕರ ತರಬೇತಿ ಪಡೆದು 1917ರಲ್ಲಿ ಗಣಿತ ಕಲಿಸಲು ಮೊದಲು ಬಂದದ್ದು ನಮ್ಮ ಮಂಗಳೂರಿಗೆ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಂದಿನ ಸರ್ಕಾರಿ ಕಾಲೇಜು ಈಗಿನ ಮಂಗಳೂರು ವಿಶ್ವವಿದ್ಯಾನಿಲಯ ಕಾಲೇಜು. ಅಲ್ಲಿಂದ ಕೊಯಮತ್ತೂರು, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಹುಡುಗರಿಗೆ ಗಣಿತ ಕಲಿಸುತ್ತಾ ಬದುಕು ಕಳೆಯಬೇಕೆಂಬುದೇ ಅವರ ಆಸೆಯಾಗಿತ್ತು.

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ತನ್ನ ಪುಸ್ತಕಗಳನ್ನು ನೋಡಿಕೊಳ್ಳಲು ಗ್ರಂಥಪಾಲಕರ ಹುದ್ದೆಯೊಂದನ್ನು ಸೃಷ್ಟಿಸಿತು. ಸುಮಾರು 900 ಅರ್ಜಿಗಳು ಬಂದವು. ಅವರಲ್ಲಿ ಒಬ್ಬರಿಗೂ ಆ ಕೆಲಸದ ತರಬೇತಿ ಇರಲಿಲ್ಲ, ಏಕೆಂದರೆ ಅಂಥ ಒಂದು ವಿದ್ಯೆ ಇದೆಯೆಂಬುದೇ ಆಗ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಸ್ನೇಹಿತರ ಒತ್ತಾಯಕ್ಕೆ ಅರ್ಜಿ ಹಾಕಿದ್ದ ರಂಗನಾಥನ್ ಅವರಿಗೂ ಗೊತ್ತಿದ್ದದ್ದು ಸಂದರ್ಶನಕ್ಕೆ ಕೆಲವೇ ದಿನ ಮೊದಲು ಬ್ರಿಟಾನಿಕಾ ವಿಶ್ವಕೋಶದಲ್ಲಿ ಓದಿಕೊಂಡಷ್ಟೇ. ಆದರೂ ಗಣಿತದಲ್ಲಿ ಸಂಶೋಧನಾ ಲೇಖನ ಬರೆದಿದ್ದರಿಂದ ಅವರೇ ಆಯ್ಕೆಯಾದರು. 1924ರ ಜನವರಿಯಲ್ಲಿ ಒಲ್ಲದ ಮನಸ್ಸಿನಿಂದ ಕೆಲಸಕ್ಕೆ ಸೇರಿದರು.

ಸೇರಿದ ಕೆಲವೇ ವಾರಗಳಲ್ಲಿ ಅವರಿಗೆ ಸಾಕಾಯಿತು. ತರಗತಿಯ ಗದ್ದಲಕ್ಕೆ ಒಗ್ಗಿದ್ದ ಮೇಷ್ಟ್ರಿಗೆ ಆ ಪುಸ್ತಕಗಳ ನಡುವಿನ ಮೌನ ಸಹಿಸಲಾಗಲಿಲ್ಲ. ಓದುಗರೇ ಬರದ ಕಟ್ಟಡದಲ್ಲಿ ಕುಳಿತು ಮಾಡುವುದೇನು? ನನ್ನನ್ನು ಮತ್ತೆ ಪಾಠಕ್ಕೆ ಕಳಿಸಿ ಎಂದು ವಿಶ್ವವಿದ್ಯಾನಿಲಯದ ಅಧಿಕಾರಿಗಳಲ್ಲಿ ಅಂಗಲಾಚಿದರು. ಅವರು ಒಂದು ಒಪ್ಪಂದಕ್ಕೆ ಬಂದರು. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳು ಹೇಗೆ ನಡೆಯುತ್ತವೆ ನೋಡಿಕೊಂಡು ಬನ್ನಿ, ಬಂದ ಮೇಲೂ ಈ ಕೆಲಸ ಬೇಡವೆನಿಸಿದರೆ ಗಣಿತದ ಹುದ್ದೆ ನಿಮಗಾಗಿ ಇರುತ್ತದೆ ಎಂಬುದು ಅದರ ಸಾರ. ಮಲೆನಾಡಿನ ನಮ್ಮಂಥ ಊರಿನಿಂದ ಇಂಜಿನಿಯರಿಂಗ್‌ಗೆ ಹೋದ ಅನೇಕರು ಒಲ್ಲದ ಬ್ರಾಂಚಿಗೆ ಸೇರಿ ನಂತರ ಅದನ್ನೇ ಪ್ರೀತಿಸಿದವರು. ಅವರಿಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್ ಗುರುಗಳಾದರು. ಸೇಯರ್ಸ್ ಕ್ರಾಯ್ಡನ್ ಎಂಬ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ರಂಗನಾಥನ್ ತರಗತಿಯಲ್ಲಿ ಕುಳಿತದ್ದಕ್ಕಿಂತ ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆದದ್ದೇ ಹೆಚ್ಚು. ಅಲ್ಲಿ ಕಾರ್ಖಾನೆಯ ಕೆಲಸಗಾರರು, ಹೆಂಗಸರು, ಚಿಕ್ಕಮಕ್ಕಳು ಕಪಾಟಿನ ಮುಂದೆ ತಾವೇ ನಿಂತು ಪುಸ್ತಕ ಆರಿಸಿಕೊಳ್ಳುತ್ತಿದ್ದರು. ಮಕ್ಕಳಿಗೆಂದೇ ಬೇರೆ ಕೋಣೆಗಳಿದ್ದವು. ಪುಸ್ತಕದ ಮನೆ ಎಂದರೆ ಪಂಡಿತರ ಉಗ್ರಾಣವೆಂದು ತಿಳಿದಿದ್ದವರಿಗೆ ಅದು ಊರಿನ ಬಾವಿಯಂತೆ ಎಲ್ಲರದೂ ಆಗಬಹುದೆಂದು ಅಲ್ಲಿ ಕಣ್ಣಾರೆ ಕಂಡಿತು. 1925ರಲ್ಲಿ ಹಿಂದಿರುಗಿದ ಮೇಲೆ ಅವರು ಗಣಿತದ ಹುದ್ದೆಯನ್ನು ಕೇಳಲಿಲ್ಲ.

ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ, 1944ರವರೆಗೆ, ಮದರಾಸಿನ ಆ ಗ್ರಂಥಾಲಯವೇ ಅವರ ಮನೆಯಾಯಿತು. ಅಷ್ಟೂ ಕಾಲ ರಜೆ ಹಾಕದೆ, ವಾರದ ಏಳೂ ದಿನ, ದಿನಕ್ಕೆ ಹದಿಮೂರು ಗಂಟೆ ದುಡಿದರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಮದುವೆಯ ದಿನ ಮಧ್ಯಾಹ್ನವೇ ಕೆಲಸಕ್ಕೆ ಮರಳಿದರೆಂಬ ಕಥೆಯೂ ಇದೆ. ಪುಸ್ತಕದ ಕಪಾಟುಗಳನ್ನು ಓದುಗರಿಗೆ ತೆರೆದರು. ಗ್ರಂಥಾಲಯದ ವೇಳೆಯನ್ನು ಹೆಚ್ಚಿಸಿದರು. ಓದುಗ ಬಂದು ತಡಕಾಡುವಾಗ ಪಕ್ಕದಲ್ಲಿ ನಿಂತು ನೆರವಾಗಲೆಂದೇ ಸಿಬ್ಬಂದಿ ಬೇಕೆಂದು ವಾದಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಲು ಕಾರಣರಾದರು. ಮರುವರ್ಷ ಬೇಸಿಗೆ ರಜೆಯಲ್ಲಿ ಗ್ರಂಥಪಾಲಕರ ತರಬೇತಿ ಶಾಲೆ ಆರಂಭವಾಯಿತು.

ಇದೇ ವರ್ಷಗಳಲ್ಲಿ ಅವರನ್ನು ಒಂದು ಯೋಚನೆ ಕಾಡುತ್ತಿತ್ತು. ಗಣಿತದಲ್ಲಿ ಕೆಲವೇ ಮೂಲತತ್ತ್ವಗಳಿಂದ ಉಳಿದೆಲ್ಲ ಪ್ರಮೇಯಗಳು ಹೊರಡುತ್ತವೆ. ಗ್ರಂಥಾಲಯದ ನೂರಾರು ನಿಯಮಗಳಿಗೂ ಅಂಥ ಕೆಲವು ಮೂಲತತ್ತ್ವಗಳು ಇರಲೇಬೇಕಲ್ಲ ಎಂದು ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 1928ರಲ್ಲಿ ಒಂದು ದಿನ ಹಳೆಯ ಗುರು ರಾಸ್ ಅವರನ್ನು ನೋಡಲು ಬಂದರು. ಶಿಷ್ಯನ ಒದ್ದಾಟವನ್ನು ಕೇಳಿ, ಇದರ ತಿರುಳು ಪುಸ್ತಕಗಳು ಬಳಕೆಯಾಗಬೇಕು ಎಂಬುದು ತಾನೆ ಎಂದು ಸಹಜವಾಗಿ ಹೇಳಿ ಹೊರಟುಹೋದರು. ರಂಗನಾಥನ್ ಅವರಿಗೆ ಮೊದಲ ಸೂತ್ರ ಸಿಕ್ಕಿತು. ಉಳಿದ ನಾಲ್ಕು ಅದರ ಬೆನ್ನಿಗೇ ಬಂದವು. ದೊಡ್ಡ ಶಾಸ್ತ್ರವೊಂದರ ಮೊದಲ ವಾಕ್ಯವನ್ನು ಗಣಿತದ ಮೇಷ್ಟ್ರೊಬ್ಬರು ತಮ್ಮ ಹಳೆಯ ವಿದ್ಯಾರ್ಥಿಗೆ ಒದಗಿಸಿಕೊಟ್ಟರು ಎಂಬುದು ಶಾಲೆಯ ಸಂಚಿಕೆಯಲ್ಲಿ ನೆನೆಯಬೇಕಾದ ಸಂಗತಿ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ಪುಸ್ತಕ ಪ್ರಕಟವಾಯಿತು. ಇಂದಿಗೂ ಜಗತ್ತಿನಾದ್ಯಂತ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ.

ಆ ಐದು ಸೂತ್ರಗಳ ಅರ್ಥವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದು, ಪುಸ್ತಕ ಇರುವುದು ಬಚ್ಚಿಡಲಿಕ್ಕಲ್ಲ. ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಮೇಜಿಗೆ ಕಟ್ಟುತ್ತಿದ್ದರು. ಸರಪಳಿ ಹೋದರೂ ಆ ಮನಸ್ಸು ಹೋಗಿಲ್ಲ ಎಂಬುದು ಅವರ ಚಿಂತೆ. ಎರಡನೆಯದು, ಪುಸ್ತಕ ಯಾವುದೋ ಒಂದು ವರ್ಗದವರ ಸ್ವತ್ತಲ್ಲ. ಬಡವ ಬಲ್ಲಿದ, ಗಂಡು ಹೆಣ್ಣು, ಪೇಟೆ ಹಳ್ಳಿ ಎನ್ನದೆ ಪ್ರತಿಯೊಬ್ಬನಿಗೂ ಅವನಿಗೆ ಬೇಕಾದದ್ದು ಸಿಗಬೇಕು. ಮೂರನೆಯದು ಪುಸ್ತಕದ ಕಡೆಯಿಂದ ನೋಡುವುದು. ಪ್ರತಿ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದಾನೆ, ಅವನು ಬಂದು ಕೇಳುವುದಕ್ಕೆ ಕಾಯದೆ ಅದು ಅವನ ಕಣ್ಣಿಗೆ ಬೀಳುವಂತೆ ಇಡಬೇಕು. ನಾಲ್ಕನೆಯದು, ಓದಲು ಬಂದವನ ಹೊತ್ತು ಹಾಳು ಮಾಡಬಾರದು. ಐದನೆಯದು, ಗ್ರಂಥಾಲಯವೆಂಬುದು ಬೆಳೆಯುವ ಜೀವಿ. ಮಗು ಬೆಳೆದಂತೆ ಅಂಗಿ ಹೊಲಿಸುವ ಹಾಗೆ ಅದರ ಜಾಗ, ಪುಸ್ತಕ, ಸಿಬ್ಬಂದಿ ಎಲ್ಲವೂ ಬೆಳೆಯುತ್ತಿರಬೇಕು.

ಕೇಳಲು ಇವು ಬಹಳ ಸರಳ. ಆದರೆ ಒಂದೊಂದನ್ನೂ ಪಾಲಿಸಹೊರಟರೆ ಖರ್ಚು, ಕಾನೂನು, ಕಟ್ಟಡ, ಸಂಬಳ ಎಲ್ಲವೂ ಬದಲಾಗಬೇಕಾಗುತ್ತದೆ. ಎರಡನೆಯ ಸೂತ್ರವನ್ನೇ ನೋಡಿ. ಹಳ್ಳಿಯವನಿಗೂ ಪುಸ್ತಕ ಸಿಗಬೇಕಾದರೆ ಹಳ್ಳಿಗೆ ಪುಸ್ತಕ ಹೋಗಬೇಕು. 1931ರ ಅಕ್ಟೋಬರಿನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯ ಬಳಿ ಎತ್ತಿನಗಾಡಿಯ ಗ್ರಂಥಾಲಯವೊಂದು ಹೊರಟಿತು. ಅದನ್ನು ರೂಪಿಸಿದವರು ಕನಕಸಭೈ ಪಿಳ್ಳೆ ಎಂಬ ಇಂಜಿನಿಯರ್. ಭತ್ತ, ಗೊಬ್ಬರ ಹೊರುವ ಗಾಡಿಯಲ್ಲಿ ಪುಸ್ತಕಗಳು ಊರಿಂದೂರಿಗೆ ಹೋದವು. ಓದು ಬಾರದವರಿಗಾಗಿ ಓದಿ ಹೇಳುವುದೂ ಆ ಕಾಲದ ಗ್ರಂಥಾಲಯ ಚಳವಳಿಯ ಕೆಲಸವಾಗಿತ್ತು.

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ವಿಷಯ. ಪುಸ್ತಕಗಳನ್ನು ವಿಷಯವಾರು ಜೋಡಿಸಲು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ದಶಮಾಂಶ ಪದ್ಧತಿಯನ್ನು ಕೊಟ್ಟಿದ್ದರು. ಅದು ಮರದ ಕೊಂಬೆಗಳ ಹಾಗೆ. ದೊಡ್ಡ ವಿಷಯದಿಂದ ಚಿಕ್ಕ ವಿಷಯ, ಅದರಿಂದ ಇನ್ನೂ ಚಿಕ್ಕದು ಕವಲೊಡೆಯುತ್ತದೆ. ತೊಂದರೆಯೆಂದರೆ ಎಷ್ಟೋ ಪುಸ್ತಕಗಳು ಒಂದೇ ಕೊಂಬೆಯ ಮೇಲೆ ಕೂರುವುದಿಲ್ಲ. ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಮಲೆನಾಡಿನ ಅಡಿಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದರ ಬಗ್ಗೆ ಒಂದು ಪುಸ್ತಕವಿದೆ ಎನ್ನಿ. ಅದನ್ನು ಅಡಿಕೆಯ ಪಕ್ಕ ಇಡಬೇಕೇ, ರೋಗದ ಪಕ್ಕವೇ, ಔಷಧದ ಪಕ್ಕವೇ, ಮಲೆನಾಡಿನ ಪಕ್ಕವೇ? ಒಂದು ಕಡೆ ಇಟ್ಟರೆ ಉಳಿದ ಮೂರು ದಾರಿಯಿಂದ ಬರುವ ಓದುಗನಿಗೆ ಅದು ಕಾಣುವುದಿಲ್ಲ.

ಲಂಡನ್ನಿನಲ್ಲಿದ್ದಾಗ ರಂಗನಾಥನ್ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡರು. ತೂತುಗಳಿರುವ ಕೆಲವೇ ಬಗೆಯ ಪಟ್ಟಿಗಳು, ನಟ್ಟು, ಬೋಲ್ಟು, ಚಕ್ರಗಳು. ಅವನ್ನೇ ಬೇರೆ ಬೇರೆ ರೀತಿ ಜೋಡಿಸಿದರೆ ಒಮ್ಮೆ ಕ್ರೇನ್, ಒಮ್ಮೆ ಸೇತುವೆ, ಒಮ್ಮೆ ಬಂಡಿ. ಜ್ಞಾನವನ್ನೂ ಹೀಗೇಕೆ ಜೋಡಿಸಬಾರದು ಎಂದು ಅವರಿಗೆ ಹೊಳೆಯಿತು. ಎಲ್ಲ ವಿಷಯಗಳಿಗೂ ಮೊದಲೇ ಒಂದೊಂದು ಗೂಡು ಮಾಡಿಡುವ ಬದಲು ವಿಷಯವನ್ನು ಅದರ ಮುಖಗಳಾಗಿ ಬಿಡಿಸಿಟ್ಟು, ಬೇಕಾದಾಗ ಕೂಡಿಸುವುದು. ಅಂಥ ಐದು ಮುಖಗಳನ್ನು ಮುಂದೆ ಅವರು ಗುರುತಿಸಿದರು: ವಿಷಯದ ಜೀವಾಳವಾದ ವಸ್ತು, ಅದರ ದ್ರವ್ಯ ಅಥವಾ ಗುಣ, ಅದರ ಮೇಲೆ ನಡೆಯುವ ಕ್ರಿಯೆ, ಸ್ಥಳ, ಕಾಲ. ಮುಖಗಳನ್ನು ಜೋಡಿಸುವ ಕೀಲಾಗಿ ಬರವಣಿಗೆಯ ವಿವರಣ ಚಿಹ್ನೆಯನ್ನು, ಅಂದರೆ ಎರಡು ಚುಕ್ಕಿಯ ಕೋಲನ್ ಅನ್ನು ಬಳಸಿದರು. 1933ರಲ್ಲಿ ಇದು ಕೋಲನ್ ವರ್ಗೀಕರಣ ಎಂಬ ಹೆಸರಿನಲ್ಲಿ ಪ್ರಕಟವಾಯಿತು.

ಈ ಪದ್ಧತಿ ಕಲಿಯಲು ಕಷ್ಟ. ಅದನ್ನು ಹಾಗೆಯೇ ಅಳವಡಿಸಿಕೊಂಡ ಗ್ರಂಥಾಲಯಗಳು ಕಡಿಮೆ. ನಮ್ಮ ದೇಶದಲ್ಲೂ ಹೆಚ್ಚಿನ ಕಡೆ ಡ್ಯೂಯಿ ಪದ್ಧತಿಯೇ ನಡೆಯುತ್ತಿದೆ. ಆದರೆ ವಿಚಾರ ಮಾತ್ರ ಸಾಯಲಿಲ್ಲ. 1950ರ ದಶಕದಲ್ಲಿ ಬ್ರಿಟನ್ನಿನ ವರ್ಗೀಕರಣ ಸಂಶೋಧಕರ ತಂಡವೊಂದು ಮಾಹಿತಿ ಹುಡುಕುವ ಎಲ್ಲ ವ್ಯವಸ್ಥೆಗಳಿಗೂ ಈ ಮುಖಗಳ ವಿಚಾರವೇ ಬುನಾದಿಯಾಗಬೇಕೆಂದು ಸಾರಿತು. ಇಂದು ನೀವು ಮೊಬೈಲಿನಲ್ಲಿ ಸೀರೆ ಕೊಳ್ಳುವಾಗ ಬಣ್ಣ, ಬೆಲೆ, ಬಟ್ಟೆ, ಕಂಪನಿ ಎಂದು ಪಕ್ಕದಲ್ಲಿ ಟಿಕ್ ಹಾಕುತ್ತಾ ಹೋಗುತ್ತೀರಲ್ಲ, ಅದರ ಹಿಂದಿರುವುದು ಇದೇ ವಿಚಾರ. ಅದಕ್ಕೆ ನಮ್ಮ ಉದ್ಯಮದಲ್ಲಿ ಫ್ಯಾಸೆಟೆಡ್ ಸರ್ಚ್ ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೇಲೆ ಅಂಥದೊಂದು ಹುಡುಕಾಟದ ಪುಟ ಕಟ್ಟುವ ತಂಡದಲ್ಲಿದ್ದೆ. ಅದರ ಮೂಲ ಓದುತ್ತಾ ಹೋದಾಗ ಸಿಕ್ಕ ಹೆಸರು ಯಾವುದೋ ಅಮೆರಿಕನ್ ಕಂಪನಿಯವರದ್ದಿರಬಹುದೆಂದುಕೊಂಡರೆ, ಸಿಕ್ಕಿದ್ದು ಮಂಗಳೂರಿನಲ್ಲಿ ಗಣಿತ ಕಲಿಸಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದ ಮೇಷ್ಟ್ರೊಬ್ಬರ ಹೆಸರು. ಆ ದಿನದ ಸಂತೋಷ ಇನ್ನೂ ನೆನಪಿದೆ.

ಮದರಾಸು ಬಿಟ್ಟ ಮೇಲೆ 1945ರಲ್ಲಿ ಅವರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಆಗ ಅಲ್ಲಿ ಡಾ. ಎಸ್. ರಾಧಾಕೃಷ್ಣನ್ ಕುಲಪತಿಗಳು. ಅಲ್ಲಿನ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ರಂಗನಾಥನ್ ತಾವೇ ವರ್ಗೀಕರಿಸಿದರು. 1947ರಿಂದ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪಾಠ. ಜೊತೆಗೆ ಒಂದು ದೀರ್ಘ ಹೋರಾಟವೂ ನಡೆದಿತ್ತು. ಗ್ರಂಥಾಲಯ ಯಾರೋ ಶ್ರೀಮಂತರ ದಾನದಿಂದಲ್ಲ, ಶಾಲೆ ಆಸ್ಪತ್ರೆಗಳಂತೆ ಕಾನೂನಿನಿಂದಲೇ ನಡೆಯಬೇಕು ಎಂಬುದು ಅವರ ಹಟ. ದಾನಿ ತೀರಿಕೊಂಡರೆ ಗ್ರಂಥಾಲಯ ಮುಚ್ಚುತ್ತದೆ, ಕಾನೂನು ಇದ್ದರೆ ಉಳಿಯುತ್ತದೆ. 1930ರಲ್ಲೇ ಅವರು ಮಾದರಿ ಕಾಯ್ದೆಯೊಂದನ್ನು ಬರೆದು ಬನಾರಸಿನ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದಿಟ್ಟಿದ್ದರು. ಹದಿನೆಂಟು ವರ್ಷ ಬೆನ್ನು ಹತ್ತಿದ ಮೇಲೆ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಸ್ವತಂತ್ರ ಭಾರತದಲ್ಲಿ ಅಂಥ ಕಾಯ್ದೆ ಅದೇ ಮೊದಲು.

ಕೊನೆಯ ವರ್ಷಗಳು ನಮ್ಮ ಬೆಂಗಳೂರಿನಲ್ಲಿ ಕಳೆದವು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅವರು ಇಲ್ಲಿ ಸ್ಥಾಪಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಮೈಸೂರು ರಸ್ತೆಯಲ್ಲಿ ಇಂದಿಗೂ ಇದೆ. 1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಪದವಿ ಬಂದವು. ಅದೇ 1965ರಲ್ಲಿ ಮೈಸೂರು ರಾಜ್ಯಕ್ಕೂ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. ಮನೆಗಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದೆ, ನೋಡಿ. ನಾವು ಓದಲಿ ಬಿಡಲಿ, ನಮ್ಮೆಲ್ಲರ ಹಣ ಅದರಲ್ಲಿದೆ. ನಮ್ಮ ಪಂಚಾಯಿತಿಯ ಗ್ರಂಥಾಲಯವೂ ಅಂಥ ಹಣದ ಮೇಲೆಯೇ ಕಣ್ಣಿಟ್ಟುಕೊಂಡು ಕೂತಿರುತ್ತದೆ.

ರಂಗನಾಥನ್ ತಮ್ಮ ಹಣವನ್ನೂ ಇಟ್ಟುಕೊಳ್ಳಲಿಲ್ಲ. 1950ರ ದಶಕದಲ್ಲಿ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟರು. ಪೀಠಕ್ಕೆ ಪತ್ನಿ ಶಾರದಾ ಅವರ ಹೆಸರಿದೆ. 1967ರಲ್ಲಿ ಗಣಿತಜ್ಞ ರಾಮಾನುಜನ್ ಅವರ ಬಗ್ಗೆ ಒಂದು ಪುಸ್ತಕ ಬರೆದರು. ಬಿಟ್ಟು ಬಂದ ಗಣಿತ ಅವರನ್ನು ಬಿಟ್ಟಿರಲಿಲ್ಲ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು.

ಈಗ ನಮ್ಮ ಶಾಲೆಯ ಮಾತು. ನಾವು ಓದುವಾಗ ಗ್ರಂಥಾಲಯವೆಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಎರಡು ಕಬ್ಬಿಣದ ಬೀರುಗಳು. ಅದಕ್ಕೆ ಬೀಗ ಇರುತ್ತಿದ್ದದ್ದು ಮೇಷ್ಟ್ರುಗಳಿಗೆ ಓದಿಸುವ ಮನಸ್ಸಿಲ್ಲದೆ ಅಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದ ಒಂದು ಪುಸ್ತಕ ಕಳೆದರೂ ಉತ್ತರ ಹೇಳಬೇಕಾದವರು ಚಾರ್ಜ್ ವಹಿಸಿಕೊಂಡ ಮೇಷ್ಟ್ರು. ಕೈಯಿಂದ ಹಣ ಕಟ್ಟಬೇಕಾದೀತೆಂಬ ಭಯ ಯಾರಿಗೂ ಇರುತ್ತದೆ. ಓದಿ ಹರಿದ ಪುಸ್ತಕಕ್ಕೆ ವಿವರಣೆ ಕೇಳುತ್ತಾರೆ, ಓದದೆ ಗೆದ್ದಲು ಹಿಡಿದ ಪುಸ್ತಕಕ್ಕೆ ಕೇಳುವವರು ಕಡಿಮೆ. ರಂಗನಾಥನ್ ಎದುರಿಸಿದ್ದೂ ಈ ಲೆಕ್ಕಾಚಾರವನ್ನೇ. ತೆರೆದಿಟ್ಟರೆ ಒಂದಿಷ್ಟು ಕಳೆಯುತ್ತವೆ, ಆದರೆ ಮುಚ್ಚಿಟ್ಟರೆ ಎಲ್ಲವೂ ಕಳೆದಂತೆಯೇ.

ಆದರೂ ನಮ್ಮ ಕನ್ನಡ ಮೇಡಮ್ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಬೀರು ತೆಗೆಯುತ್ತಿದ್ದರು. ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ತೆಗೆದುಕೊಂಡವರ ಹೆಸರು, ತರಗತಿ, ದಿನಾಂಕ ಇರುತ್ತಿತ್ತು. ಕಥೆಗಿಂತ ಮೊದಲು ನಾವು ಓದುತ್ತಿದ್ದದ್ದು ಆ ಚೀಟಿಯನ್ನು. ಹಾಲಿನ ಡೈರಿಯಲ್ಲಿ ದಿನಾ ಕಾಣುವ ಅಣ್ಣ, ಮದುವೆಯಾಗಿ ಸಾಗರದ ಕಡೆ ಹೋದ ಪಕ್ಕದ ಮನೆಯ ಅಕ್ಕ, ನಮಗಿಂತ ಹತ್ತು ವರ್ಷ ಮೊದಲು ಅದೇ ಪುಸ್ತಕ ಓದಿದ್ದರು. ನಾನು ಅತ್ತ ಪುಟದಲ್ಲಿ ಅವರೂ ಅತ್ತಿರಬಹುದೇ ಎನಿಸುತ್ತಿತ್ತು. ಬರೆದವರು ಯಾವುದೋ ಕಾಲದವರು, ಓದಿದವರು ನಮ್ಮ ಕೇರಿಯವರು. ಪ್ರತಿ ಪುಸ್ತಕಕ್ಕೂ ಓದುಗನಿದ್ದಾನೆ ಎಂಬ ಮೂರನೆಯ ಸೂತ್ರವನ್ನು ಮುಂದೆ ಓದಿದಾಗ ನನಗೆ ನೆನಪಾದದ್ದು ಆ ಚೀಟಿಗಳು.

ಐವತ್ತು ವರ್ಷದ ನೆನಪಿಗೆ ಹಳೆಯ ವಿದ್ಯಾರ್ಥಿಗಳ ಸಂಘ ಶಾಲೆಗೆ ಏನು ಕೊಡಬೇಕೆಂಬ ಚರ್ಚೆ ನಡೆದಿದೆ. ಕಂಪ್ಯೂಟರ್ ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಅದರ ಜೊತೆಗೆ ನನ್ನದೊಂದು ವಿನಂತಿ. ಖಾಲಿ ಬಿದ್ದಿರುವ ಒಂದು ಕೋಣೆಯಲ್ಲಿ ಬಾಗಿಲಿಲ್ಲದ ಕಪಾಟುಗಳನ್ನು ಮಾಡಿಸೋಣ, ಐದನೇ ಕ್ಲಾಸಿನ ಮಗುವಿಗೂ ಕೈಗೆಟುಕುವ ಎತ್ತರದಲ್ಲಿ. ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಾನು ಮತ್ತು ನನ್ನ ಬ್ಯಾಚಿನ ಇಬ್ಬರು ಮಾಡಿಕೊಡುತ್ತೇವೆ. ವರ್ಷಕ್ಕೆ ಕಳೆದುಹೋಗುವ, ಹರಿಯುವ ಪುಸ್ತಕಗಳ ಹಣವನ್ನು ಸಂಘವೇ ತುಂಬಿಕೊಡಲಿ. ಆಗ ಚಾರ್ಜ್ ವಹಿಸುವ ಮೇಷ್ಟ್ರಿಗೆ ಭಯವಿರುವುದಿಲ್ಲ. ಹಿಂದಿನ ರಟ್ಟಿನ ಚೀಟಿಯನ್ನು ಮಾತ್ರ ತೆಗೆಯುವುದು ಬೇಡ. ಅದರಲ್ಲಿ ಹೊಸ ಹೆಸರುಗಳು ಸೇರುತ್ತಾ ಹೋಗಲಿ.